ಯಾವ ಮಣ್ಣಿನ ಟ್ರ್ಯಾಕ್ಟರು?

ಹಳೇ ಟ್ರ್ಯಾಕ್ಟರ್ ಕೊಳ್ಳಲು ಹೊರಟವರು ಮೊದಲು ಕೇಳುವುದು ‘ಯಾವ ಮಾಡೆಲ್?’ ಎಂದು. ಆಮೇಲೆ ‘ಎಷ್ಟು ಗಂಟೆ ಓಡೈತೆ?’ ಎಂದು. ಬಳ್ಳಾರಿ ಜಿಲ್ಲೆಯ ಮಟ್ಟಿಗೆ ಇವೆರಡಕ್ಕಿಂತ ಮುಖ್ಯವಾದ ಇನ್ನೊಂದು ಪ್ರಶ್ನೆಯಿದೆ. ಅದನ್ನು ಕೇಳುವವರು ಕಡಿಮೆ. ಈ ಗಾಡಿ ದುಡಿದದ್ದು ಎಲ್ಲಿ? ಸಿರುಗುಪ್ಪದ ಗದ್ದೆಯಲ್ಲೋ, ಕುರುಗೋಡಿನ ಎರೆಹೊಲದಲ್ಲೋ, ಬಳ್ಳಾರಿ ಪೇಟೆಯ ಡಾಂಬರಿನ ಮೇಲೋ? ಒಂದೇ ಕಂಪನಿಯ, ಒಂದೇ ವರ್ಷದ, ಅಷ್ಟೇ ಅಶ್ವಶಕ್ತಿಯ ಮೂರು ಟ್ರ್ಯಾಕ್ಟರುಗಳನ್ನು ಈ ಮೂರು ಕಡೆ ಹತ್ತು ವರ್ಷ ದುಡಿಸಿ ನೋಡಿ. ಮೂರರ ಹೊರಮೈಯೂ ಒಂದೇ ಥರ ಕಂಡೀತು, ಒಳಗೆ ಸವೆದಿರುವ ಜಾಗ ಮಾತ್ರ ಬೇರೆ ಬೇರೆ.

ಸಿರುಗುಪ್ಪದಿಂದಲೇ ಶುರು ಮಾಡೋಣ. ತುಂಗಭದ್ರಾ ಕಾಲುವೆಯ ನೀರು, ನದಿ ದಂಡೆಯ ಏತ ನೀರಾವರಿ, ಹಗರಿ ಹಳ್ಳದ ಆಸರೆ ಸೇರಿ ಈ ತಾಲ್ಲೂಕು ಭತ್ತದ ಕಣಜವಾಗಿದೆ. ಕಾಲುವೆಗೆ ನೀರು ಬಿಟ್ಟ ಕೂಡಲೇ ಊರೂರಲ್ಲೂ ಟ್ರ್ಯಾಕ್ಟರುಗಳು ರಬ್ಬರ್ ಟೈರಿನ ಪಕ್ಕಕ್ಕೋ ಬದಲಿಗೋ ಕಬ್ಬಿಣದ ಕೇಜ್ ವೀಲ್ ಕಟ್ಟಿಕೊಂಡು ಗದ್ದೆಗೆ ಇಳಿಯುತ್ತವೆ. ನಾಟಿಗೆ ಮುಂಚಿನ ಆ ಕೆಲವು ವಾರಗಳಲ್ಲಿ ಗಾಡಿಗೆ ಹಗಲು ರಾತ್ರಿಯ ವ್ಯತ್ಯಾಸವಿಲ್ಲ. ಅಚ್ಚಿನ ಮಟ್ಟದ ತನಕ ಕೆಸರು ನೀರು, ಪೂರ್ತಿ ಆಕ್ಸಿಲರೇಟರು, ಹಿಂದೆ ರೋಟವೇಟರು. ಹೀಗೆ ದುಡಿದ ಗಾಡಿಯಲ್ಲಿ ಮೊದಲು ಸೋಲುವುದು ಎಂಜಿನ್ ಅಲ್ಲ, ಆಯಿಲ್ ಸೀಲು. ಹಿಂದಿನ ಆಕ್ಸಲ್ ಮತ್ತು ಮುಂದಿನ ಗಾಲಿಯ ಹಬ್ಬುಗಳಲ್ಲಿರುವ ರಬ್ಬರಿನ ಬಳೆ ಸವೆದರೆ ಕೆಸರು ನೀರು ನಿಧಾನವಾಗಿ ಒಳಗೆ ಸೇರುತ್ತದೆ. ಎಷ್ಟೋ ಮಾದರಿಗಳಲ್ಲಿ ಗೇರ್ ಬಾಕ್ಸಿಗೂ ಹೈಡ್ರಾಲಿಕ್ ಲಿಫ್ಟಿಗೂ ಎಣ್ಣೆ ಒಂದೇ ತೊಟ್ಟಿಯದು. ಆದ್ದರಿಂದ ಹಿಂಗಾಲಿಯಲ್ಲಿ ನುಸುಳಿದ ನೀರು ಲಿಫ್ಟಿನ ಪಂಪಿನವರೆಗೂ ಹೋಗುತ್ತದೆ. ಬೇರಿಂಗುಗಳು ತುಕ್ಕು ಹಿಡಿಯುತ್ತವೆ. ಸದ್ದು ಕೇಳಿಸುವ ಹೊತ್ತಿಗೆ ಖರ್ಚು ಕೈಮೀರಿರುತ್ತದೆ.

ಇದನ್ನು ಪತ್ತೆ ಹಚ್ಚುವ ಬಗೆ ಸರಳ, ಆದರೆ ಮಾರುವವನಿಗೆ ಅದು ಒಗ್ಗುವುದಿಲ್ಲ. ಗಾಡಿ ರಾತ್ರಿಯಿಡೀ ನಿಂತಿರಬೇಕು. ಬೆಳಿಗ್ಗೆ ಯಾರೂ ಸ್ಟಾರ್ಟ್ ಮಾಡುವ ಮುಂಚೆ ಹಿಂಭಾಗದ ಅಡಿಯಲ್ಲಿರುವ ಡ್ರೈನ್ ಬೋಲ್ಟನ್ನು ತುಸು ಸಡಿಲಿಸಬೇಕು. ನೀರು ಎಣ್ಣೆಗಿಂತ ಭಾರ, ರಾತ್ರಿ ತಳಕ್ಕೆ ಇಳಿದಿರುತ್ತದೆ. ಮೊದಲು ತೊಟ್ಟಿಕ್ಕುವುದು ನೀರಾದರೆ ಉಳಿದದ್ದನ್ನು ಕೇಳುವ ಅಗತ್ಯವಿಲ್ಲ. ಮಧ್ಯಾಹ್ನ ಹೋದರೆ ಇದು ಕಾಣುವುದಿಲ್ಲ. ಎರಡು ಸುತ್ತು ಓಡಿಸಿದ ಗಾಡಿಯಲ್ಲಿ ನೀರೂ ಎಣ್ಣೆಯೂ ಕಲಸಿಹೋಗಿ ಡಿಪ್ ಸ್ಟಿಕ್ಕಿನ ಮೇಲೆ ಹಾಲು ಬೆರೆಸಿದ ಚಹಾದ ಬಣ್ಣ ಬರುತ್ತದೆ. ಅದನ್ನು ‘ಹೊಸ ಆಯಿಲ್, ಅದಕ್ಕೇ ಹಂಗೈತೆ’ ಎಂದು ಸಮಜಾಯಿಷಿ ಕೊಡುವವರೂ ಇದ್ದಾರೆ. ಹೊಸ ಎಣ್ಣೆ ಪಾರದರ್ಶಕವಾಗಿರುತ್ತದೆ, ಬಿಳಚಿಕೊಂಡಿರುವುದಿಲ್ಲ.

ಮಧ್ಯಪ್ರದೇಶದ ಬುದ್ನಿಯಲ್ಲಿರುವ ಕೇಂದ್ರ ಸರ್ಕಾರದ ಕೃಷಿ ಯಂತ್ರೋಪಕರಣ ಪರೀಕ್ಷಾ ಸಂಸ್ಥೆ ಹೊಸ ಟ್ರ್ಯಾಕ್ಟರ್ ಮಾದರಿಗಳನ್ನು ಕೆಸರುಗದ್ದೆಗೆ ಇಳಿಸಿ, ಆಮೇಲೆ ಬಿಚ್ಚಿ, ಯಾವ ಯಾವ ಭಾಗಕ್ಕೆ ನೀರು ಮಣ್ಣು ಹೋಗಿದೆ ಎಂದು ವರದಿಯಲ್ಲಿ ಬರೆಯುತ್ತದೆ. ಸರ್ಕಾರಕ್ಕೂ ಕಂಪನಿಗೂ ಈ ಸೀಲಿನ ಮಹತ್ವ ಗೊತ್ತಿದೆ. ಸೆಕೆಂಡ್ ಹ್ಯಾಂಡ್ ಗಾಡಿಯ ಸುತ್ತ ಪ್ರದಕ್ಷಿಣೆ ಹಾಕಿ ಪೇಂಟು, ಬಂಪರು, ಮ್ಯೂಸಿಕ್ ಸಿಸ್ಟಮ್ಮು ನೋಡುವ ನಮ್ಮ ಹುಡುಗರಿಗೆ ಗೊತ್ತಿಲ್ಲ.

ಹಾಗೆ ನೋಡಿದರೆ ಇಡೀ ಸಿರುಗುಪ್ಪ ನಂಬಿ ಕೂತಿರುವ ಯಂತ್ರವೂ ಹಳೆಯದೇ. ತುಂಗಭದ್ರಾ ಅಣೆಕಟ್ಟಿನಲ್ಲಿ 33 ಕ್ರಸ್ಟ್ ಗೇಟುಗಳು. ಏಳು ದಶಕ ಏರಿಳಿದ ಮೇಲೆ 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ಒಂದು ವಾರದೊಳಗೆ ಹರಿಯುವ ನೀರಿನಲ್ಲೇ ಸ್ಟಾಪ್ ಲಾಗ್ ಇಳಿಸಿದ ಎಂಜಿನಿಯರು ಕೆಲಸಗಾರರ ಸಾಹಸ ದೊಡ್ಡದು. ಆದರೆ ಕಲ್ಲು, ಗಾರೆ, ಇಷ್ಟು ಟನ್ ಉಕ್ಕು ಎಲ್ಲ ಗಟ್ಟಿಯಾಗಿದ್ದೂ ಕೈಕೊಟ್ಟದ್ದು ಚೈನಿನ ಕೊಂಡಿ. ಯಂತ್ರದ ಆಯುಷ್ಯವನ್ನು ಅದರ ದೊಡ್ಡ ಭಾಗ ನೋಡಿ ಅಳೆಯುವುದು ತಪ್ಪೆಂದು ಹೇಳಲು ಇದಕ್ಕಿಂತ ಹತ್ತಿರದ ಸಾಕ್ಷಿ ನಮಗೆ ಬೇಕಿಲ್ಲ.

ಕುರುಗೋಡಿನ ಕಡೆ, ಕಾಲುವೆ ನೀರು ತಲುಪದ ಎರೆಭೂಮಿಯಲ್ಲಿ ಮೆಣಸಿನಕಾಯಿ, ಹತ್ತಿ, ಜೋಳ ಬೆಳೆಯುವ ಹೊಲಗಳಲ್ಲಿ ಕಥೆಯೇ ಬೇರೆ. ಅಲ್ಲಿ ನೀರಿನ ಕಾಟವಿಲ್ಲ, ಧೂಳಿನ ಕಾಟ. ಬೇಸಿಗೆಯಲ್ಲಿ ಬಿರುಕು ಬಿಟ್ಟ ಎರೆಯನ್ನು ರಂಟೆಯಲ್ಲಿ ಎಬ್ಬಿಸುವಾಗ ಎಂಜಿನ್ ತನ್ನ ಶಕ್ತಿಯನ್ನೆಲ್ಲ ಒತ್ತೆಯಿಡುತ್ತದೆ, ಸುತ್ತಲೂ ಮೋಡದಂಥ ಧೂಳು. ಹಳೆಯ ಮಾದರಿಗಳಲ್ಲಿ ಗಾಳಿ ಸೋಸುವುದು ಒಂದು ಬಟ್ಟಲು ಎಣ್ಣೆ. ಅದನ್ನು ಹಂಗಾಮಿನಲ್ಲಿ ಪದೇ ಪದೇ ಬದಲಿಸಬೇಕು. ಸಾಮಾನ್ಯವಾಗಿ ಬದಲಿಸುವುದಿಲ್ಲ. ಸೋಸದ ಧೂಳು ಪಿಸ್ಟನ್ ರಿಂಗು, ಲೈನರುಗಳನ್ನು ಅರೆದುಹಾಕುತ್ತದೆ. ಆಗ ಹುಟ್ಟುವುದೇ ನಮ್ಮ ಮೇಸ್ತ್ರಿಗಳು ಬ್ಯಾಕ್ ಕಂಪ್ರೆಷನ್ ಎನ್ನುವ ರೋಗ. ಓಡುತ್ತಿರುವ ಎಂಜಿನ್ನಿನ ಆಯಿಲ್ ಹಾಕುವ ಮುಚ್ಚಳ ತೆಗೆದರೆ ಹೊಗೆ ಬುಸುಗುಡುತ್ತದೆ. ಇದನ್ನು ಎಲ್ಲರೂ ನೋಡುತ್ತಾರೆ, ಒಳ್ಳೆಯದೇ. ನೋಡದೆ ಬಿಡುವುದು ಫಿಲ್ಟರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಪೈಪನ್ನು. ಅದನ್ನು ಕಳಚಿ ಒಳಗೆ ಬೆರಳಾಡಿಸಿ. ಬೆರಳಿಗೆ ಮಣ್ಣು ಹತ್ತಿದರೆ, ಇವತ್ತು ಹೊಗೆ ಕಾಣದಿದ್ದರೂ ಆ ಎಂಜಿನ್ನಿಗೆ ಕೆಲಸ ಹತ್ತಿರದಲ್ಲೇ ಇದೆ.

ಬಳ್ಳಾರಿ ಪೇಟೆಯ ಗಾಡಿಗಳು ಹೊಲ ಕಂಡದ್ದೇ ಅಪರೂಪ. ಇಟ್ಟಿಗೆ, ಮರಳು, ಜಲ್ಲಿ, ನೀರಿನ ಟ್ಯಾಂಕರು. ಕ್ಲಚ್ಚು, ಬ್ರೇಕು, ಮುಂದಿನ ಆಕ್ಸಲ್ಲು, ಅಷ್ಟೇ ಇವುಗಳ ಗೋಳು. ಬಿಡಿಭಾಗ ಊರಲ್ಲೇ ಸಿಗುತ್ತದೆ, ಆದ್ದರಿಂದ ಇವಕ್ಕೆ ಹೆಚ್ಚು ಹೆದರಬೇಕಿಲ್ಲ. ಆದರೆ ಪೇಟೆಯ ಗಾಡಿಯನ್ನು ಹೊಲದ ಗಾಡಿ ಎಂದು ಮಾರುವುದುಂಟು. ಅದಕ್ಕೊಂದು ಗುರುತು ಹೇಳುತ್ತೇನೆ. ಟ್ರೇಲರ್ ಸಿಕ್ಕಿಸುವ ಹುಕ್ಕಿನ ತೂತು ನೋಡಿ. ಹೊಸದರಲ್ಲಿ ದುಂಡಗಿದ್ದದ್ದು ವರ್ಷಗಟ್ಟಲೆ ಭಾರ ಎಳೆದರೆ ಉದ್ದುದ್ದವಾಗುತ್ತದೆ. ಮೇಲೆ ವೆಲ್ಡಿಂಗ್ ಮಾಡಿ ಮತ್ತೆ ತೂತು ಕೊರೆದಿದ್ದರೆ ಅದೂ ಕಾಣುತ್ತದೆ. ಬಣ್ಣ ಬಳಿಯುವವರು ಈ ತೂತನ್ನು ಮರೆಯುತ್ತಾರೆ.

ಹುಕ್ಕಿನ ತೂತನ್ನು ನಾನು ಗಂಟೆ ಮೀಟರಿಗಿಂತ ಹೆಚ್ಚು ನಂಬುತ್ತೇನೆ. ಕೇಬಲ್ಲಿನ ಹಳೇ ಮೀಟರು ಗಡಿಯಾರವಲ್ಲ, ಎಂಜಿನ್ನಿನ ಸುತ್ತುಗಳನ್ನು ಎಣಿಸುವ ಸಾಧನ. ಎಂಜಿನ್ ನಿಗದಿತ ವೇಗದಲ್ಲಿ ಒಂದು ತಾಸು ತಿರುಗಿದರೆ ಅದು ಒಂದು ಗಂಟೆ ಎಂದು ಬರೆದುಕೊಳ್ಳುತ್ತದೆ. ನಿಧಾನವಾಗಿ ತಿರುಗಿದರೆ ತಾಸಿಗೆ ಮುಕ್ಕಾಲೋ ಅರ್ಧವೋ. ಹಾಗಾಗಿ ಪೂರ್ತಿ ವೇಗದಲ್ಲಿ ಕೆಸರು ಹೊಡೆದ ಸಿರುಗುಪ್ಪದ ಗಾಡಿಯ 3,000 ಗಂಟೆಗೂ ನಿಧಾನವಾಗಿ ಟ್ರೇಲರ್ ಎಳೆದ ಬಳ್ಳಾರಿಯ ಗಾಡಿಯ 3,000 ಗಂಟೆಗೂ ಅರ್ಥ ಒಂದೇ ಅಲ್ಲ. ಕೇಬಲ್ ತುಂಡಾದರೆ ಮೀಟರು ಅಲ್ಲಿಗೇ ನಿಲ್ಲುತ್ತದೆ, ಹೊಸ ಕೇಬಲ್ ಹಾಕಿಸುವ ಉತ್ಸಾಹ ಯಾರಿಗಿದೆ? ಕೃಷಿ ಎಂಜಿನಿಯರಿಂಗ್ ಪಠ್ಯಗಳು ಟ್ರ್ಯಾಕ್ಟರಿನ ಆಯುಷ್ಯವನ್ನು 10 ವರ್ಷ, ವರ್ಷಕ್ಕೆ 1,000 ಗಂಟೆ, ಕೊನೆಗೆ ಉಳಿಯುವ ಬೆಲೆ ಶೇ 10 ಎಂದು ಹಿಡಿಯುತ್ತವೆ. ಅದು ಬಾಡಿಗೆ ದರ, ಸವಕಳಿ ಲೆಕ್ಕ ಹಾಕಲು ಅನುಕೂಲದ ಅಂಕಿ. ಊರಿಗೊಂದಾದರೂ ಮೂವತ್ತು ವರ್ಷದ ಮೆಸ್ಸಿ ಫರ್ಗುಸನ್ ಇಂದಿಗೂ ಕುಂಟೆ ಹೊಡೆಯುತ್ತಿರುತ್ತದೆ. ಐದೇ ವರ್ಷಕ್ಕೆ ಗುಜರಿಗೆ ಹತ್ತಿರವಾದದ್ದೂ ಪಕ್ಕದ ಓಣಿಯಲ್ಲೇ ಇರುತ್ತದೆ.

ಜಾರ್ಜ್ ಅಕರ್ಲಾಫ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ 1970ರಲ್ಲಿ ಹಳೇ ಕಾರುಗಳ ಮಾರುಕಟ್ಟೆಯ ಬಗ್ಗೆ ಒಂದು ಪುಟ್ಟ ಪ್ರಬಂಧ ಪ್ರಕಟಿಸಿದ. ಮೂರು ಪತ್ರಿಕೆಗಳು ಬೇಡವೆಂದ ಬರಹ ಅದು. ಮುಂದೆ 2001ರಲ್ಲಿ ಅವನಿಗೆ ನೊಬೆಲ್ ಪ್ರಶಸ್ತಿ ತಂದುಕೊಟ್ಟದ್ದೂ ಅದೇ. ಅವನ ವಾದ ನಮ್ಮ ಯಾವ ದಲ್ಲಾಳಿಗೂ ಹೊಸದೆನಿಸದು. ಗಾಡಿಯ ಒಳಗುಟ್ಟು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಕೊಳ್ಳುವವನು ಅನುಮಾನದಿಂದ ಮಧ್ಯಮ ಬೆಲೆ ಹೇಳುತ್ತಾನೆ. ಆ ಬೆಲೆಗೆ ಒಳ್ಳೇ ಗಾಡಿಯವನು ಮಾರಲು ಒಪ್ಪುವುದಿಲ್ಲ, ಮನೆಗೆ ವಾಪಸ್ ತರುತ್ತಾನೆ. ಸಂತೆಯಲ್ಲಿ ಉಳಿಯುವುದು ಕೆಟ್ಟವು. ಬೆಲೆ ಇನ್ನೂ ಇಳಿಯುತ್ತದೆ. 1967–68ರಲ್ಲಿ ದೆಹಲಿಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನಲ್ಲಿದ್ದ ಅಕರ್ಲಾಫ್, ಅದೇ ಪ್ರಬಂಧದಲ್ಲಿ ಭಾರತದ ಗೃಹಿಣಿಯರು ಅಂಗಡಿಯ ಅಕ್ಕಿಯಲ್ಲಿ ಬೇಕೆಂದೇ ಬೆರೆಸಿದ, ಅಕ್ಕಿಯದೇ ಬಣ್ಣ ಆಕಾರದ ಕಲ್ಲನ್ನು ಆರಿಸುವ ಕಷ್ಟವನ್ನೂ ಹೇಳಿದ್ದಾನೆ. ಸಿರುಗುಪ್ಪದ ರೈಸ್ ಮಿಲ್ಲಿನವರು ಮುನಿಸಿಕೊಳ್ಳಬೇಕಿಲ್ಲ, ಅವರಲ್ಲಿ ಈಗ ಕಲ್ಲು ತೆಗೆಯುವ ಯಂತ್ರ, ಸಾರ್ಟೆಕ್ಸು ಎಲ್ಲ ಬಂದಿವೆ. ಅಕ್ಕಿಯ ಕಲ್ಲಿಗೆ ಯಂತ್ರ ಬಂತು. ಅದೇ ಅಕ್ಕಿ ಬೆಳೆದ ಟ್ರ್ಯಾಕ್ಟರಿನ ಕಲ್ಲು ಆರಿಸಲು ಏನೂ ಬರಲಿಲ್ಲ.

ಅಕರ್ಲಾಫನ ಲೆಕ್ಕಕ್ಕೆ ನಮ್ಮ ಜಿಲ್ಲೆ ಒಂದು ತಿದ್ದುಪಡಿ ಸೂಚಿಸಬಹುದು. ಒಳ್ಳೇ ಗಾಡಿಯೂ ಮಾರಾಟಕ್ಕೆ ಬರುತ್ತದೆ, ಯಜಮಾನನಿಗೆ ಬೇರೆ ದಾರಿ ಇಲ್ಲದಿದ್ದಾಗ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಅದಿರು ಸಾಗಿಸುತ್ತಿದ್ದ ಸಾವಿರಾರು ಲಾರಿಗಳು ನಿಂತಲ್ಲೇ ನಿಂತವು. ಅವುಗಳಲ್ಲಿ ಕೆಟ್ಟವೂ ಇದ್ದವು, ಹೊಸದಾಗಿ ಸಾಲ ಮಾಡಿ ತಂದ ಗಟ್ಟಿಮುಟ್ಟಾದವೂ ಇದ್ದವು. ಕಂತಿನವರು ಬಾಗಿಲಿಗೆ ಬಂದರೆ ಎರಡಕ್ಕೂ ಗತಿ ಒಂದೇ. ಮಳೆ ಕೈಕೊಟ್ಟು ಎರಡನೇ ಬೆಳೆಗೆ ಕಾಲುವೆಯಲ್ಲಿ ನೀರು ಬರದ ವರ್ಷ ಟ್ರ್ಯಾಕ್ಟರುಗಳ ಪಾಡೂ ಹಾಗೇ. ಆದ್ದರಿಂದ ‘ಯಾಕೆ ಮಾರ್ತೀಯಪ್ಪ?’ ಎಂಬ ಪ್ರಶ್ನೆ ಉಪಚಾರದ್ದಲ್ಲ. ಮಗಳ ಮದುವೆ, ಬ್ಯಾಂಕಿನ ನೋಟಿಸು, ಅಣ್ಣತಮ್ಮಂದಿರ ಪಾಲು, ಇವು ಗಾಡಿಯ ದೋಷಗಳಲ್ಲ. ಹಂಗಾಮು ಜೋರಾಗಿರುವಾಗ, ಬಾಡಿಗೆ ತುಂಬಿರುವಾಗ ಒಬ್ಬ ತನ್ನ ಗಾಡಿ ಮಾರುತ್ತಾನೆಂದರೆ ಮಾತ್ರ ಅನುಮಾನ ಪಡಿ. ಉತ್ತರ ಯಜಮಾನನಿಂದ ಸಿಗದಿದ್ದರೆ ಅವನ ಹಳೇ ಡ್ರೈವರಿನಿಂದ ಸಿಗುತ್ತದೆ. ಮೊನ್ನೆಯಷ್ಟೇ ಕೆಲಸ ಬಿಟ್ಟ ಡ್ರೈವರಿಗಿಂತ ದೊಡ್ಡ ಸರ್ವಿಸ್ ಪುಸ್ತಕ ಯಾವುದೂ ಇಲ್ಲ; ತುಸು ಸಿಟ್ಟಿನ ಬಾಬತ್ತನ್ನು ಅದರಲ್ಲಿ ಕಳೆದುಕೊಳ್ಳಬೇಕು, ಅಷ್ಟೆ.

ಬೆಲೆಯ ಬಗ್ಗೆ ಒಂದು ಮಾತು. 2025ರ ಸೆಪ್ಟೆಂಬರ್ 22ರಿಂದ ಹೊಸ ಟ್ರ್ಯಾಕ್ಟರಿನ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಹೊಸದರ ಬೆಲೆ ಇಳಿದ ಮೇಲೂ ಹಳೆಯದಕ್ಕೆ ಹಳೆಯ ಬೆಲೆಯನ್ನೇ ಹೇಳುವವರಿಗೆ ಇದನ್ನು ನೆನಪಿಸಿ.

ಇಷ್ಟೆಲ್ಲ ನೋಡಿ ಕೊಂಡವರೂ ಕಾಗದದಲ್ಲಿ ಎಡವುತ್ತಾರೆ. ನಮ್ಮ ಕಡೆ ಆರ್‌ಸಿ ಪುಸ್ತಕ ಕೈಗೆ ಬಂದರೆ ಗಾಡಿ ನಮ್ಮದಾಯಿತೆಂದು ತಿಳಿಯುವವರೇ ಹೆಚ್ಚು. ಕೆಎ-34 ಗಾಡಿ ಮೂರು ಕೈ ಬದಲಾದರೂ ಹೆಸರು ಮೊದಲನೆಯವನದೇ. 2018ರ ನವೀನ್ ಕುಮಾರ್ ಪ್ರಕರಣದಲ್ಲಿ, ಹಲವು ಕೈ ದಾಟಿದ್ದ ಕಾರೊಂದು ಅಪಘಾತ ಮಾಡಿದಾಗ ಪರಿಹಾರ ಕೊಡಬೇಕಾದವನು ನೋಂದಣಿಯಲ್ಲಿ ಹೆಸರಿರುವ ಮಾಲೀಕನೇ ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಅಂದರೆ ಈ ಸೋಮಾರಿತನದಿಂದ ಕೊಂಡವನಿಗಿಂತ ಮೊದಲು ಮುಳುಗುವವನು ಮಾರಿದವನು. ಫಾರಂ 29, 30 ತುಂಬಿ 14 ದಿನದೊಳಗೆ ಮಾರಿದವನೂ 30 ದಿನದೊಳಗೆ ಕೊಂಡವನೂ ಆರ್‌ಟಿಓಗೆ ತಿಳಿಸಬೇಕೆಂದು ಕಾನೂನಿದೆ. ಸಾಲದ ಗಾಡಿಯಾದರೆ ಬ್ಯಾಂಕಿನ ಸಹಿಯಿರುವ ಫಾರಂ 35 ಬೇಕು. ಹಗರಿ ದಾಟಿ ಆಲೂರು, ಆದೋನಿ, ಗುಂತಕಲ್ ಕಡೆಯಿಂದ ತಂದ ಆಂಧ್ರದ ಗಾಡಿಗೆ ಅಲ್ಲಿನ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು. ಟ್ರೇಲರಿಗೆ ಬೇರೆಯೇ ನೋಂದಣಿ, ಬೇರೆಯೇ ವಿಮೆ. ಇದನ್ನು ಕೇಳಿದರೆ ನಗುವವರಿದ್ದಾರೆ.

ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ ಕೃಷಿ ಯಂತ್ರಗಳ ತರಬೇತಿ ಮತ್ತು ಪರೀಕ್ಷೆಗೆಂದೇ ಕೇಂದ್ರ ಸರ್ಕಾರದ ದಕ್ಷಿಣ ವಲಯದ ಸಂಸ್ಥೆಯಿದೆ. ಸಿರುಗುಪ್ಪದಲ್ಲಿ ಕೃಷಿ ಸಂಶೋಧನಾ ಕೇಂದ್ರವಿದೆ. ಬಳ್ಳಾರಿಯಲ್ಲಿ ಐಟಿಐ, ಪಾಲಿಟೆಕ್ನಿಕ್ ಇವೆ. ವಾರಕ್ಕೊಂದು ದಿನ ಸಿರುಗುಪ್ಪದಲ್ಲೋ ಕುರುಗೋಡಿನಲ್ಲೋ ಶುಲ್ಕ ತೆಗೆದುಕೊಂಡು ಹಳೇ ಟ್ರ್ಯಾಕ್ಟರನ್ನು ಪರೀಕ್ಷಿಸಿ ಒಂದು ಹಾಳೆಯ ವರದಿ ಕೊಡುವ ವ್ಯವಸ್ಥೆಗೆ ಹೊಸ ಕಟ್ಟಡವೂ ಬೇಡ, ಹೊಸ ಹುದ್ದೆಯೂ ಬೇಡ. ಕೃಷಿ ಇಲಾಖೆ ಮನಸ್ಸು ಮಾಡಬೇಕು. ಮಾಡುವ ತನಕ, ರೈತರೇ, ಗಾಡಿ ನೋಡಲು ಮಾರುವವರು ಕರೆದ ಹೊತ್ತಿಗೆ ಹೋಗಬೇಡಿ, ಬೆಳಗಿನ ಜಾವ ಹೋಗಿ. ಅವರ ಮೇಸ್ತ್ರಿಯನ್ನು ನಂಬಬೇಡಿ, ನಿಮ್ಮವನನ್ನು ಕೂಲಿ ಕೊಟ್ಟು ಕರೆದುಕೊಂಡು ಹೋಗಿ. ಫಾರಂ 35 ಕೈಗೆ ಬರುವ ಮುಂಚೆ ಪೂರ್ತಿ ಹಣ ಎಣಿಸಬೇಡಿ.