ಒಂದೇ ಕಾರ್ಡಿನ ಎರಡು ಪುಸ್ತಕಗಳು



ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಈಗ ಗ್ರಂಥಪಾಲಕನಾಗಿದ್ದಾನೆ. ಮಾತಿನ ನಡುವೆ, "ಸಾರ್, ಹಳೆಯ ಪುಸ್ತಕಗಳೆಲ್ಲ ಸ್ಕ್ಯಾನ್ ಆಗಿ ಅಂತರ್ಜಾಲಕ್ಕೆ ಬಂದಿವೆ. ಇನ್ನು ಈ ಜೀರ್ಣ ಪ್ರತಿಗಳನ್ನು ಕಾಯುವುದೇಕೆ, ಅವುಗಳ ಜಾತಕ ಬರೆಯುವುದೇಕೆ?" ಎಂದು ಕೇಳಿದ. ಆಗ ನಕ್ಕು ಸುಮ್ಮನಾದೆ. ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ಅದರಲ್ಲಿ ನನ್ನದೊಂದು ತಪ್ಪೊಪ್ಪಿಗೆಯೂ ಇದೆ.

1978ರಲ್ಲಿ ನಾನಿದ್ದ ಶಾಲೆಯ ಗ್ರಂಥಾಲಯದ ಉಸ್ತುವಾರಿ ನನ್ನದಾಗಿತ್ತು. ಲಕ್ಷ್ಮೀಶನ ಜೈಮಿನಿ ಭಾರತದ ಎರಡು ಹಳೆಯ ಪ್ರತಿಗಳಿದ್ದವು. ಒಂದು ಅಚ್ಚುಮೊಳೆಯದು, ಇನ್ನೊಂದು ಕಲ್ಲಚ್ಚಿನದು. ಕಾರ್ಡು ಮಾತ್ರ ಒಂದೇ: ಕವಿಯ ಹೆಸರು, ಕೃತಿಯ ಹೆಸರು, "ಪ್ರತಿಗಳು 2". ಕಪಾಟಿನಲ್ಲಿ ಸ್ಥಳವಿಲ್ಲವೆಂದು 'ಹೆಚ್ಚುವರಿ'ಗಳ ಪಟ್ಟಿ ತಯಾರಾಯಿತು. ಕಲ್ಲಚ್ಚಿನ ಪ್ರತಿ ತೂಕದ ಲೆಕ್ಕದಲ್ಲಿ ಹೋಯಿತು. ಪಟ್ಟಿಗೆ ಸಹಿ ಹಾಕಿದವನು ನಾನೇ.

ಮುದ್ರಣದ ಇತಿಹಾಸವನ್ನು ಓದಿದ್ದು ಆಮೇಲೆ. ಬಾಸೆಲ್ ಮಿಷನ್ನಿನವರು 1841ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದರು. 1843ರಲ್ಲಿ ಮಂಗಳೂರ ಸಮಾಚಾರ ಹೊರಬಂದದ್ದು ಅಲ್ಲಿಂದಲೇ. ಮುಂದೆ ಹರ್ಮನ್ ಮೊಗ್ಲಿಂಗರು ಬಿಬ್ಲಿಯೋಥಿಕಾ ಕರ್ನಾಟಿಕಾ ಮಾಲೆಯಲ್ಲಿ ಪ್ರಕಟಿಸಿದ ಕನ್ನಡ ಕಾವ್ಯಗಳಲ್ಲಿ ಜೈಮಿನಿ ಭಾರತವೂ ಒಂದು. ನಾನು ಕಳಿಸಿದ ಪ್ರತಿ ಆ ಮಾಲೆಯದೇ, ಬೇರೊಂದು ಮುದ್ರಣಾಲಯದ್ದೇ? ಇಂದು ಹೇಳಲು ಯಾವ ಆಧಾರವೂ ಇಲ್ಲ. ಕಾರ್ಡಿನಲ್ಲಿ ಮುದ್ರಕನ ಹೆಸರಿಗೆ ಜಾಗವನ್ನೇ ಬಿಟ್ಟಿರಲಿಲ್ಲ. ಅದರ ಒಳಹಾಳೆಯಲ್ಲಿ ಒಬ್ಬ ಹೆಣ್ಣುಮಗಳು ತನ್ನ ಹೆಸರನ್ನೂ ಪುಸ್ತಕ ಕೊಟ್ಟ ಅಣ್ಣನ ಹೆಸರನ್ನೂ ಬರೆದಿದ್ದಳೆಂಬುದು ನೆನಪಿದೆ, ಹೆಸರು ನೆನಪಿಲ್ಲ. ಆ ಕಾಲದಲ್ಲಿ ಕಾವ್ಯ ಓದುತ್ತಿದ್ದ ಹೆಣ್ಣೊಬ್ಬಳ ಸಾಕ್ಷ್ಯ ನನ್ನ ಸಹಿಯಿಂದ ಅಳಿಸಿಹೋಯಿತು.

ಆದ್ದರಿಂದ ನನ್ನ ವಾದವಿಷ್ಟೇ: ಕೃತಿ ಬೇರೆ, ಪ್ರತಿ ಬೇರೆ. ಸ್ಕ್ಯಾನು ಉಳಿಸುವುದು ಯಾವುದೋ ಒಂದು ಪ್ರತಿಯ ಪುಟಗಳನ್ನು. ನಿಮ್ಮ ಕಪಾಟಿನ ಪ್ರತಿಯಲ್ಲಿರುವ ಮೊಹರು, ಸಹಿ, ಅಂಚಿನ ಟಿಪ್ಪಣಿ, ಹೊಲಿಗೆ ಅದರಲ್ಲಿ ಇರುವುದಿಲ್ಲ. ಒಂದೊಂದು ಪ್ರತಿಯನ್ನೂ ಬೇರೆಬೇರೆಯಾಗಿ ದಾಖಲಿಸದ ಗ್ರಂಥಸೂಚಿ ಕಳ್ಳನಿಗೂ ಅನುಕೂಲ. ಕಳೆದುಹೋದದ್ದು ಮತ್ತೆಲ್ಲೋ ಸಿಕ್ಕರೆ, ಇದು ನಮ್ಮದೇ ಎಂದು ಸಾಧಿಸುವುದು ಹೇಗೆ?

ವಿಪರ್ಯಾಸವನ್ನು ನೋಡಿ. 1867ರ ಮುದ್ರಣಾಲಯ ಮತ್ತು ಪುಸ್ತಕ ನೋಂದಣಿ ಕಾಯಿದೆಯು ಪ್ರತಿಯೊಂದು ಪುಸ್ತಕದಲ್ಲೂ ಮುದ್ರಕನ ಹೆಸರು ಮತ್ತು ಮುದ್ರಣದ ಸ್ಥಳ ಅಚ್ಚಾಗಿರಬೇಕೆಂದು ವಿಧಿಸಿತ್ತು. ಆಳುವವರಿಗೆ ಬೇಕಿದ್ದುದು ನಿಗಾ. ಆದರೂ ಆ ನೆಪದಿಂದ ಮುದ್ರಕರ ಹೆಸರುಗಳು ನಮಗೆ ಉಳಿದವು. ಪರಕೀಯ ಸರ್ಕಾರ ಭಯದಿಂದ ಬರೆಸಿದ್ದನ್ನು ನಾವು ಪ್ರೀತಿಯಿಂದಲಾದರೂ ನಕಲು ಮಾಡಿಕೊಳ್ಳಬಾರದೇ? ಬ್ರಿಟಿಷ್ ಮ್ಯೂಸಿಯಮ್ಮಿನ ಕನ್ನಡ ಪುಸ್ತಕಗಳ ಸೂಚಿಯನ್ನು ಬಾರ್ನೆಟ್ ಎಂಬ ವಿದ್ವಾಂಸರು 1910ರಲ್ಲಿಯೇ ಹೊರತಂದರು. ನಮ್ಮೂರಿನ ಕಪಾಟುಗಳ ಸೂಚಿ ಎಲ್ಲಿ?

ಹಣವಿಲ್ಲ, ಸಿಬ್ಬಂದಿಯಿಲ್ಲ ಎನ್ನುವರು. ಸಿಬ್ಬಂದಿಯ ಕೊರತೆ ನಿಜ. ಅದನ್ನು ನಾನೂ ಅನುಭವಿಸಿದವನು. ಆದರೆ ಕಲ್ಪನೆಯ ಕೊರತೆಗೆ ಅದು ನೆಪವಾಗಬಾರದು. ಗಣಕಸೂಚಿಯ ಮಾರ್ಕ್ 21 ನಮೂನೆಯಲ್ಲಿ ಪ್ರತಿಯ ಒಡೆತನದ ಇತಿಹಾಸಕ್ಕೆಂದೇ 561ನೆಯ ಅಂಕಣವಿದೆ, ರಟ್ಟಿನ ವಿವರಕ್ಕೆ 563 ಇದೆ. ಮುದ್ರಕನನ್ನು ಹೆಸರಿಸಿ ಹುಡುಕುವ ಏರ್ಪಾಡೂ ಇದೆ. ತುಂಬುವವರಷ್ಟೇ ಬೇಕು. ಎಲ್ಲ ಪುಸ್ತಕಗಳಿಗೂ ಬೇಡ. 1900ಕ್ಕೆ ಹಿಂದಿನವುಗಳಿಂದ ಆರಂಭಿಸಿ.

ಮನೆಯಲ್ಲಿ ಹಿರಿಯರ ಪುಸ್ತಕಗಳಿರುವ ನೀವೂ ಒಂದು ಉಪಕಾರ ಮಾಡಿ. ಮುಖಪುಟ, ಮುದ್ರಕನ ಹೆಸರಿರುವ ಪುಟ, ಸಹಿ ಮೊಹರುಗಳಿರುವ ಹಾಳೆ, ಇವುಗಳ ಚಿತ್ರ ತೆಗೆದಿಡಿ. ಹೊಸ ರಟ್ಟು ಹಾಕಿಸುವಾಗ ಒಳಹಾಳೆಯನ್ನು ಕಿತ್ತೆಸೆಯಲು ಬಿಡಬೇಡಿ. ಪುಸ್ತಕ ಯಾರಿಂದ ಬಂತೆಂದು ಪೆನ್ಸಿಲಿನಲ್ಲಿ ಬರೆಯಿರಿ, ಶಾಯಿ ಬೇಡ.

ನನ್ನ ಗ್ರಂಥಪಾಲಕ ಶಿಷ್ಯನಿಗೆ ಒಂದೇ ಮಾತು: ಹೆಚ್ಚುವರಿಗಳ ಪಟ್ಟಿ ನಿನ್ನ ಮೇಜಿಗೆ ಬಂದಾಗ, ಸಹಿ ಹಾಕುವ ಮುನ್ನ ಎರಡೂ ಪ್ರತಿಗಳನ್ನು ತೆರೆದು ಅಕ್ಕಪಕ್ಕ ಇಟ್ಟು ನೋಡು. ನಾನು ನೋಡಲಿಲ್ಲ.