ಕಣ್ಣಿಗೆ ಹಾಕುವ ಕಸಿಯ ವಿಚಾರ

ವ್ಯವಸಾಯದ ಪತ್ರಿಕೆಯಲ್ಲಿ ಕಣ್ಣಿನ ಶಸ್ತ್ರಚಿಕಿತ್ಸೆಯ ಪ್ರಸ್ತಾಪವೇಕೆಂದು ವಾಚಕ ಮಹಾಶಯರು ಕೇಳಬಹುದು. ಬಿಸಿಲು, ಧೂಳು, ಒಣಗಾಳಿಗಳಲ್ಲಿ ದಿನವನ್ನೆಲ್ಲ ಕಳೆಯುವವರಿಗೇ ಹೆಚ್ಚಾಗಿ ತಗಲುವ ವ್ಯಾಧಿಯು ವೈದ್ಯರೊಬ್ಬರ ವಿಷಯವಾಗಿರಲಾರದೆಂಬುದೇ ನನ್ನ ಉತ್ತರ. ಮೂಗಿನ ಕಡೆಯಿಂದ ರೆಕ್ಕೆಯಾಕಾರದ ಮಾಂಸವು ಹೊರಟು ಕರಿಗುಡ್ಡೆಯ ಮೇಲೆ ಹಬ್ಬುವುದನ್ನು ಪ್ರತಿ ಗ್ರಾಮದಲ್ಲಿಯೂ ಕಾಣುತ್ತೇವೆ. ಸುಶ್ರುತಸಂಹಿತೆಯಲ್ಲಿ ಇದಕ್ಕೆ ಅರ್ಮವೆಂದು ಹೆಸರು. ಈಗಿನ ವೈದ್ಯರು ಟೆರಿಜಿಯಂ ಎನ್ನುವರು. ಇದು ಕಣ್ಣಿನ ಪೊರೆಯಲ್ಲ. ಎರಡನ್ನೂ ಒಂದೆಂದೆಣಿಸಿ ಸುಮ್ಮನಿರುವವರು ಬಹಳ.

ಈ ಮಾಂಸವನ್ನು ಬರಿದೆ ಕತ್ತರಿಸಿಬಿಟ್ಟರೆ ಗರಿಕೆಯಂತೆ ಮತ್ತೆ ಚಿಗುರುವುದು. ಹಾಗೆ ಮರುಕಳಿಸಿದ ಪ್ರಮಾಣವು ಬೇರೆ ಬೇರೆ ವರದಿಗಳಲ್ಲಿ ನೂರಕ್ಕೆ 24ರಿಂದ 89ರವರೆಗೂ ಇದೆ. 1985ರಲ್ಲಿ ಕೆನ್ಯನ್ ಮೊದಲಾದ ವೈದ್ಯರು, ರೋಗಿಯ ಕಣ್ಣಿನ ಮೇಲ್ಭಾಗದಿಂದಲೇ ತೆಳುವಾದ ಒಳಚರ್ಮವನ್ನು ತೆಗೆದು ಬರಿದಾದ ಜಾಗಕ್ಕೆ ಹೊದಿಸಿದ 57 ಕಣ್ಣುಗಳಲ್ಲಿ ಮೂರರಲ್ಲಿ ಮಾತ್ರ ಅದು ಮರಳಿತೆಂದು ಪ್ರಕಟಿಸಿದರು. ನಾವು ಮಾವಿಗೆ ಕಸಿ ಹಾಕುವಂತೆಯೇ ಇದೂ ಒಂದು ಕಸಿ. ಕಣ್ಣುಕಸಿಯಲ್ಲಿ ಮೊಗ್ಗನ್ನು ತಲೆಕೆಳಗಾಗಿ ಇಡಬಾರದಷ್ಟೆ? ಇಲ್ಲಿಯೂ ಆ ಚರ್ಮದ ಮೇಲ್ಮೈ ಮೇಲೆಯೇ ಇರತಕ್ಕದ್ದು.

ಇನ್ನು ಕಟ್ಟಿನ ಮಾತು. ಕೂದಲಿಗಿಂತ ಸಣ್ಣ ದಾರದಿಂದ ಹೊಲಿಯುವುದು ಹಳೆಯ ಕ್ರಮ. ಹಿಡಿತ ಗಟ್ಟಿ, ಆದರೆ ಹೊತ್ತು ಹಿಡಿಯುವುದು, ಕೆಲವು ದಿನ ಕಣ್ಣು ಚುಚ್ಚಿ ನೀರು ಸುರಿಯುವುದು. ಎರಡನೆಯದು ಮನುಷ್ಯರ ರಕ್ತದ ಸಾರದಿಂದ ತಯಾರಿಸಿದ ಫೈಬ್ರಿನ್ ಅಂಟು. ಹದಿನಾಲ್ಕು ಪ್ರಯೋಗಗಳನ್ನು ಒಟ್ಟಿಗೆ ನೋಡಿದ 2016ರ ಕೊಕ್ರೇನ್ ಪರಿಶೀಲನೆಯಂತೆ, ಅಂಟಿನಿಂದ ಕೆಲಸ ಬೇಗ ಮುಗಿಯುವುದು, ರೋಗ ಮರಳುವುದೂ ಕಡಮೆ. ಆದರೆ ಕಸಿ ಬಿಟ್ಟುಕೊಳ್ಳುವುದೇ ಮೊದಲಾದ ತೊಡಕುಗಳು ಹೊಲಿಗೆಗಿಂತ ಹೆಚ್ಚು. ಬೆಲೆಯೂ ಹೆಚ್ಚು. ಮೂರನೆಯದರಲ್ಲಿ ರೋಗಿಯ ಗಾಯದಲ್ಲಿ ಜಿನುಗಿದ ರಕ್ತವೇ ಹೆಪ್ಪುಗಟ್ಟಿ ಕಸಿಯನ್ನು ಹಿಡಿಯುವುದು. ಅಂಟಿನ ಖರ್ಚೇ ಇಲ್ಲ. ಆದರೆ ಮೊದಲ ದಿನಗಳಲ್ಲಿ ಕಣ್ಣುಜ್ಜಿದರೆ ಜರುಗುವ ಭಯವುಂಟು.

ನನ್ನ ಸರ್ಕಲ್ಲಿನ ಒಬ್ಬ ಆಳು ಅಂಟಿನ ಕಸಿ ಮಾಡಿಸಿಕೊಂಡು ಬಂದ ಮೂರನೆಯ ದಿನವೇ ರಾಗಿ ತೂರಲು ಕಣಕ್ಕಿಳಿದನು. ಹೊಟ್ಟು ಬಿದ್ದು ಕಣ್ಣುಜ್ಜಿದನು, ಕಸಿ ಸರಿಯಿತು. ಯಜಮಾನರು ವೈದ್ಯರನ್ನು ದೂರಿದರು. ನಾನು ಒಪ್ಪಲಿಲ್ಲ. ಶಸ್ತ್ರಚಿಕಿತ್ಸೆಗೆಂದು ಹಣವನ್ನು ಉದಾರವಾಗಿ ಕೊಟ್ಟವರೇ ಅವನನ್ನು ಕಣಕ್ಕೆ ಕರೆದಿದ್ದರು. ಒಕ್ಕಣೆ ಮುಗಿಯುವ ಮುನ್ನವೇ ಆಸ್ಪತ್ರೆಗೆ ಹೋಗೆಂದು ಅವನಿಗೆ ಹೇಳಿದವನು ನಾನಾದುದರಿಂದ ನನ್ನ ತಪ್ಪೂ ಅದರಲ್ಲಿದೆ.

ಆದುದರಿಂದ ನನ್ನ ಅಭಿಪ್ರಾಯವಿಷ್ಟು: ವಿಶ್ರಾಂತಿ ದೊರೆಯುವವನಿಗೆ ಅಂಟಾಗಲಿ, ಸ್ವಂತ ರಕ್ತವಾಗಲಿ ಒಳ್ಳೆಯದೇ, ಬೇಗನೆ ಧೂಳಿಗಿಳಿಯಲೇಬೇಕಾದವನು ಅದನ್ನು ಮುಚ್ಚಿಡದೆ ಹೇಳಿ, ಹೊಲಿಗೆ ಹಾಕಬಹುದೇ ಎಂದು ವೈದ್ಯರನ್ನು ಕೇಳತಕ್ಕದ್ದು. ತೀರ್ಮಾನ ಅವರದು. ಭೂಮಾಲೀಕರು ಮಾತ್ರ, ಕಣ ಬರಿದಾದ ಮೇಲೆ ಆಳನ್ನು ಕಳುಹಿಸಿ, ವೈದ್ಯರು ಹೇಳಿದಷ್ಟು ದಿನಗಳ ರಜವನ್ನು ಕೂಲಿ ಮುರಿಯದೆ ಕೊಡಬೇಕು. ಅವನು ಮರಳಿ ಹೊಲಕ್ಕೆ ಬರುವಾಗ ಅಗಲ ಅಂಚಿನ ಟೋಪಿಯೂ ಬಿಸಿಲು ತಡೆಯುವ ಕನ್ನಡಕವೂ ಅವನಲ್ಲಿವೆಯೇ ಎಂದು ಗ್ರಾಮದ ಮುಖಂಡರು ವಿಚಾರಿಸಲಿ.