ನಾಲ್ಕನೆಯ ಸರ್ವರ್ ದುಂದುವೆಚ್ಚವೇ?

ಸೇವೆಯಲ್ಲಿದ್ದಾಗ, ವಿಡಿಯೊ ಕಾನ್ಫರೆನ್ಸ್ ಜಾಲಕ್ಕೆ ನಾಲ್ಕು ಸರ್ವರ್ ಕೋರಿದ ಕಡತವೊಂದು ನನ್ನ ಮುಂದೆ ಬಂದಿತ್ತು. ‘ಮೂರು ಸಾಲದೇಕೆ?’ ಎಂದು ಷರಾ ಬರೆದು ಹಿಂದಿರುಗಿಸಿದೆ. ಅರ್ಥಶಾಸ್ತ್ರ ಓದಿದವನ ಮಿತವ್ಯಯದ ಹೆಮ್ಮೆ ಅದರಲ್ಲಿತ್ತು. ಆ ಷರಾ ತಪ್ಪಾಗಿತ್ತು.

ಹಲವು ಸರ್ವರ್‌ಗಳನ್ನು ಬೆಸೆದು ಒಂದರಂತೆ ನಡೆಸುವುದೇ ಕ್ಲಸ್ಟರ್. ಪ್ರತಿಯೊಂದೂ 100 ಕರೆಗಳನ್ನು ಹೊರಬಲ್ಲದು, ಅಗತ್ಯ 300 ಎಂದಿಟ್ಟುಕೊಳ್ಳೋಣ. ಮೂರು ಸಾಕೆನಿಸುತ್ತದೆ. ಒಂದು ಕೆಟ್ಟೊಡನೆ ಉಳಿಯುವುದು 200. ನಾಲ್ಕನೆಯದಿದ್ದರೆ ಕಡಿದ ಕರೆಗಳು ಮರಳಿ ಸೇರಲು ಎಡೆಯಿರುತ್ತದೆ; ತಂತ್ರಾಂಶ ನವೀಕರಣಕ್ಕೆಂದು ಒಂದನ್ನು ಬದಿಗಿಡಲೂ ಸಾಧ್ಯ. ಲೆಕ್ಕಪರಿಶೋಧನೆಯ ಕಣ್ಣಿಗೆ ಇದು ‘ಬಳಕೆಯಾಗದ ಸಾಮರ್ಥ್ಯ’. ವಿಮೆಯ ಕಂತೂ ಹಾಗೆಯೇ ಕಾಣುತ್ತದೆ. (ನಾಲ್ಕನ್ನೂ ಒಂದೇ ಕೋಣೆಯಲ್ಲಿ, ಒಂದೇ ವಿದ್ಯುತ್ ಸಂಪರ್ಕಕ್ಕೆ ಜೋಡಿಸಿದರೆ ಮಾತ್ರ ಅದು ಹೆಸರಿಗಷ್ಟೇ ಕ್ಲಸ್ಟರ್.)

ನಮ್ಮ ಕಾಲದಲ್ಲಿ ಸಂಪರ್ಕ ಕಡಿದರೆ ಸಭೆ ಮರುದಿನ ನಡೆಯುತ್ತಿತ್ತು. ಈಗ ನ್ಯಾಯಾಲಯಗಳೂ ಇಂಥ ಜಾಲವನ್ನು ಅವಲಂಬಿಸಿವೆ. ವಿಡಿಯೊ ಮೂಲಕ ಸಾಕ್ಷ್ಯ ದಾಖಲಿಸಬಹುದೆಂದು ಸುಪ್ರೀಂ ಕೋರ್ಟ್ 2003ರಲ್ಲೇ ಹೇಳಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ವಿಚಾರಣೆಯನ್ನೇ ಎಲೆಕ್ಟ್ರಾನಿಕ್ ವಿಧಾನದಲ್ಲಿ ನಡೆಸಲು ಅವಕಾಶವಿತ್ತಿದೆ. ಪಾಟೀಸವಾಲಿನ ನಡುವೆ ಪರದೆ ಕಪ್ಪಾದರೆ ಕೂಲಿ ಬಿಟ್ಟು ಬಂದ ಸಾಕ್ಷಿಗೂ ಜೈಲಿನಲ್ಲಿ ಕಾದಿರುವ ವಿಚಾರಣಾಧೀನ ಕೈದಿಗೂ ಸಿಗುವುದು ಮುಂದಿನ ದಿನಾಂಕ. ಅದರ ವೆಚ್ಚವನ್ನು ನನ್ನ ಷರಾ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಟೆಂಡರಿನಲ್ಲಿ ಒಟ್ಟು ಸಾಮರ್ಥ್ಯದ ಬದಲು, ಒಂದು ಸರ್ವರ್ ನಿಂತ ಮೇಲೆ ಉಳಿಯುವ ಸಾಮರ್ಥ್ಯವನ್ನು ನಮೂದಿಸಬೇಕು. ವರ್ಷಕ್ಕೆರಡು ಬಾರಿ, ಕೆಲಸದ ವೇಳೆಯಲ್ಲೇ, ಮಂಜೂರು ಮಾಡಿದ ಅಧಿಕಾರಿಯ ಎದುರು ಒಂದನ್ನು ಸ್ಥಗಿತಗೊಳಿಸಿ ಪರೀಕ್ಷಿಸಬೇಕು.